ಏಳು ದಿನದೊಳಗೇ ಇದ್ದೇನೆ, ಜಪಾನಿನಿಂದ ತರಿಸಿದ ಪೆನ್ನು ವಾಪಸ್ ಆಗುತ್ತಾ?

ಓದುಗರ ಪ್ರಶ್ನೆ: "ಸರ್, ನಮ್ಮ ಪರವಾಗಿ ಕೊಂಡು ಇಲ್ಲಿಗೆ ಕಳಿಸುವ ಜಪಾನಿನ ಒಂದು ಪ್ರಾಕ್ಸಿ ಕಂಪನಿಯ ಮೂಲಕ ಪೈಲಟ್ ಕಸ್ಟಮ್ 74 ಪೆನ್ನು ತರಿಸಿದೆ. ಮೀಡಿಯಂ ನಿಬ್ಬು ಅಂದುಕೊಂಡಿದ್ದೆ. ಬಂದ ಮೇಲೆ ನೋಡಿದರೆ ನಿಬ್ಬಿನ ಮೇಲೆ ಎಫ್‌ಎಂ ಅಂತಿದೆ. ಇನ್ನೂ ಇಂಕು ತುಂಬಿಲ್ಲ. ಕೈಗೆ ಬಂದು ಮೂರು ದಿನ ಆಯಿತು, ಏಳು ದಿನದೊಳಗೇ ಇದ್ದೇನೆ. ಇದನ್ನು ವಾಪಸ್ ಕಳಿಸಿ ಮೀಡಿಯಂ ತರಿಸಿಕೊಳ್ಳುವುದು ಹೇಗೆ?"

ಆಗುವುದಿಲ್ಲ. ಪೆಟ್ಟಿಗೆ ಜಪಾನ್ ಬಿಟ್ಟ ದಿನವೇ ವಾಪಸ್ಸಿನ ಮಾತು ಮುಗಿದುಹೋಯಿತು. ಬೇಸರದ ಸುದ್ದಿ ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ಯಾಕೆ ಅನ್ನುವುದನ್ನು ಸಮಾಧಾನವಾಗಿ ನೋಡೋಣ.

ಇದೇ ಪ್ರಶ್ನೆಗೆ ನಾನು ಬಹಳ ಸಲ ಉತ್ತರ ಬರೆದಿದ್ದೇನೆ. ಪೆನ್ನಿನ ಜಾಗದಲ್ಲಿ ಕೆಲವೊಮ್ಮೆ ಹಳೇ ಕ್ಯಾಮೆರಾ ಲೆನ್ಸ್ ಇರುತ್ತದೆ, ಕೆಲವೊಮ್ಮೆ ಕೈಗಡಿಯಾರ, ಕೆಲವೊಮ್ಮೆ ಮಗಳಿಗೆಂದು ತರಿಸಿದ ಅನಿಮೆ ಬೊಂಬೆ. "ಏಳು ದಿನದೊಳಗೇ ಇದ್ದೇನೆ" ಅನ್ನುವ ಸಾಲು ಮಾತ್ರ ಪ್ರತಿ ಸಲವೂ ಹಾಗೇ ಬರುತ್ತದೆ. ಬರೆಯುವವರ ದನಿಯಲ್ಲಿ ಧೈರ್ಯವೂ ಇರುತ್ತದೆ, ಕಾನೂನು ತಮ್ಮ ಬೆನ್ನಿಗಿದೆ ಅನ್ನುವ ಧೈರ್ಯ. ಅದಕ್ಕೇ ಈ ಸಲ ಆ ಏಳು ದಿನದ ಬುಡಕ್ಕೇ ಹೋಗುತ್ತೇನೆ.

ಏಳು ದಿನ ಎಲ್ಲಿಂದ ಬಂತು? ನಮ್ಮ ದೇಶದ ದೊಡ್ಡ ಆನ್‌ಲೈನ್ ಅಂಗಡಿಗಳಿಂದ. ಒಂದೊಂದು ಸಾಮಾನಿಗೆ ಏಳು, ಹತ್ತು, ಹದಿನಾಲ್ಕು ದಿನ ಅಂತ ಅವು ತಾವಾಗಿಯೇ ಇಟ್ಟುಕೊಂಡ ಅವಧಿ ಅದು. ಅಳತೆ ಸರಿಹೋಗದ ಅಂಗಿಯನ್ನು ಡೆಲಿವರಿ ಹುಡುಗ ಬಾಗಿಲಿಗೇ ಬಂದು ಒಯ್ದ, ಸಂಜೆಯೊಳಗೆ ದುಡ್ಡು ಖಾತೆಗೆ ಬಂತು. ವರ್ಷಗಟ್ಟಲೆ ಹೀಗೇ ನಡೆದು ಅನುಕೂಲ ಅಭ್ಯಾಸವಾಯಿತು, ಅಭ್ಯಾಸ ನಮ್ಮ ತಲೆಯೊಳಗೆ ಕಾನೂನಾಗಿ ಕೂತಿತು. ಕಾನೂನಿನ ಪುಸ್ತಕದಲ್ಲಿ ಅದಿಲ್ಲ.

ಅಲ್ಲಿರುವುದು ಬೇರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರ ಹೇಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ದೋಷವಿರುವ ಮಾಲಿನ ಬಗ್ಗೆಯೇ ಮಾತಾಡುತ್ತದೆ: ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ಅಂಥ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ. ಒಳ್ಳೆಯ, ಹೇಳಿದಂತೆಯೇ ಇರುವ ಮಾಲನ್ನು "ನನಗೆ ಬೇರೆ ಬೇಕಿತ್ತು" ಎಂದು ತಿರುಗಿಸುವ ಹಕ್ಕು ನಮ್ಮ ದೇಶದಲ್ಲೇ ಇಲ್ಲ. ಅದನ್ನು ಪರದೇಶದ ಅಂಗಡಿಯಿಂದ ಹೇಗೆ ಕೇಳುತ್ತೀರಿ?

ಇಷ್ಟು ಹೇಳಿದ ತಕ್ಷಣ ಮರುಪ್ರಶ್ನೆ ಬರುತ್ತದೆ: "ಕೊಂಡ ಮೇಲೂ ಮನಸ್ಸು ಬದಲಾದರೆ ರದ್ದು ಮಾಡಬಹುದು ಅನ್ನುವ ಕೂಲಿಂಗ್ ಆಫ್ ಕಾನೂನೇ ಜಪಾನಿನಲ್ಲಿ ಇದೆಯಲ್ಲ ಸರ್?" ಇದೆ. ಆದರೆ ಅದು ಮನೆಬಾಗಿಲಿಗೆ ಬಂದು ಮಾರುವವರಿಗೆ, ಫೋನ್ ಮಾಡಿ ಗಂಟುಬೀಳುವವರಿಗೆ ಹಾಕಿದ ಮೂಗುದಾರ. ಅಲ್ಲಿ ಕೊಂಡವರಿಗೆ 8 ದಿನ ಸಿಗುತ್ತದೆ. ಸದಸ್ಯರಿಂದ ಸದಸ್ಯರಿಗೆ ಹಬ್ಬಿಸುವ ಚೈನ್ ಮಾರಾಟವಾದರೆ 20 ದಿನ. ಯೋಚನೆಗೆ ಬಿಡುವು ಕೊಡದೆ ಮಾರಿದ್ದಾರೆ, ಆದ್ದರಿಂದ ಆಮೇಲಾದರೂ ಬಿಡುವು ಸಿಗಲಿ ಅನ್ನುವುದು ಅದರ ನ್ಯಾಯ. ಆನ್‌ಲೈನಿನಲ್ಲಿ ನೀವೇ ಹುಡುಕಿಕೊಂಡು ಹೋಗಿ, ನಿಧಾನವಾಗಿ ಓದಿ, ನೀವೇ ಗುಂಡಿ ಒತ್ತಿದ್ದೀರಿ. ಆ ಮಾರಾಟಕ್ಕೆ ಜಪಾನಿನಲ್ಲಿ ಕೂಲಿಂಗ್ ಆಫ್ ಅನ್ವಯಿಸುವುದೇ ಇಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ, ಪೂರ್ತಿ ಗೊತ್ತಿಲ್ಲದೆ ಅದನ್ನು ಹಿಡಿದುಕೊಂಡು ವಾದಿಸುವವರಿದ್ದಾರೆ. 2009ರ ಡಿಸೆಂಬರಿನಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ, ಅಲ್ಲಿನ ಆನ್‌ಲೈನ್ ಅಂಗಡಿಯಿಂದ ಕೊಂಡ ಮಾಲನ್ನು ಕೈಸೇರಿದ 8 ದಿನದೊಳಗೆ ಕೊಂಡವರ ಸ್ವಂತ ಖರ್ಚಿನಲ್ಲಿ ಹಿಂದಿರುಗಿಸಬಹುದು. ಓದಿ ಖುಷಿಪಡುವ ಮುಂಚೆ ಮುಂದಿನ ಭಾಗವನ್ನೂ ಓದಿ: ಅಂಗಡಿಯವರು ತಮ್ಮ ರಿಟರ್ನ್ ಷರತ್ತನ್ನು ಮೊದಲೇ ಸ್ಪಷ್ಟವಾಗಿ ಬರೆದಿದ್ದರೆ ಆ ಷರತ್ತೇ ಊರ್ಜಿತ. ಆ ಷರತ್ತು ಬರೆಯದ ಅಂಗಡಿ ನನಗಂತೂ ಕಂಡಿಲ್ಲ. ಇದೂ ಕೂಡ ವ್ಯಾಪಾರಿಗಳಿಗೆ ಮಾತ್ರ. ಮೆರ್ಕಾರಿ, ಯಾಹೂ ಹರಾಜಿನಂಥ ಆನ್‌ಲೈನ್ ತಾಣಗಳಲ್ಲಿ ಮನೆಯ ಹಳೇ ಸಾಮಾನು ಮಾರುವ ಸಾಮಾನ್ಯ ಜನಕ್ಕೆ ಈ ಕಾಯ್ದೆ ತಾಕುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೂ ಉಳಿದಿದೆ. ಒಂದು ವೇಳೆ ಆ 8 ದಿನ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಯಾರ ಕೈಸೇರಿದ ದಿನದಿಂದ ಎಣಿಸುತ್ತೀರಿ? ನಿಮ್ಮ ಕೈಯಲ್ಲ. ಅಂಗಡಿಯ ಲೆಕ್ಕದಲ್ಲಿ ಕೊಂಡವರು ಪ್ರಾಕ್ಸಿ ಕಂಪನಿ, ವಿಳಾಸ ಅವರ ಗೋದಾಮಿನದು, ಸಹಿ ಹಾಕಿ ಪೆಟ್ಟಿಗೆ ತೆಗೆದುಕೊಂಡವರು ಅವರ ನೌಕರರು. ಪೆಟ್ಟಿಗೆ ಅಲ್ಲಿ ಎರಡು ವಾರ ಕೂತು, ಬೇರೆ ಸಾಮಾನಿನ ಜೊತೆ ಕಟ್ಟಿಸಿಕೊಂಡು, ಕಸ್ಟಮ್ಸ್ ದಾಟಿ ನಿಮ್ಮ ಮನೆಗೆ ಬರುವ ಹೊತ್ತಿಗೆ ಎಣಿಸಲು ದಿನಗಳೇ ಉಳಿದಿರುವುದಿಲ್ಲ.

ಪಕ್ಕದ ಮನೆಯವರು ಬೆಂಗಳೂರಿಗೆ ಹೊರಟಾಗ ಅವರ ಕೈಲಿ ದುಡ್ಡು ಕೊಟ್ಟು ಚಿಕ್ಕಪೇಟೆಯಿಂದ ಸೀರೆ ತರಿಸಿದ್ದೀರಿ ಅಂದುಕೊಳ್ಳಿ. ಬಣ್ಣ ಹಿಡಿಸಲಿಲ್ಲ. ಅಂಗಡಿಯವನಿಗೆ ನಿಮ್ಮ ಗುರುತೇ ಇಲ್ಲ. ತಂದುಕೊಟ್ಟವರು ಸೀರೆ ವ್ಯಾಪಾರಿಯಲ್ಲ, ಅವರನ್ನು ದುಡ್ಡು ವಾಪಸ್ ಕೊಡಿ ಎಂದು ಕೇಳಲಾದೀತೇ? ಪ್ರಾಕ್ಸಿ ಕಂಪನಿ ಆ ಪಕ್ಕದ ಮನೆಯವರು. ಅವರು ಕೂಲಿ ಪಡೆದದ್ದು ಹೋಗಿ ತಂದದ್ದಕ್ಕೆ. ತಂದಿದ್ದಾರೆ.

ಈಗ ನಿಮ್ಮ ಪೆನ್ನಿನ ವಿಷಯ. ಎಫ್‌ಎಂ ಅನ್ನುವುದು ಪೈಲಟ್‌ನ ಒಂದು ಪ್ರತ್ಯೇಕ ಅಳತೆ, ಫೈನ್‌ಗೂ ಮೀಡಿಯಂಗೂ ನಡುವಿನದು. ಮಾರಾಟದ ಪುಟದಲ್ಲಿ ಎಫ್‌ಎಂ ಎಂದೇ ಬರೆದಿದ್ದರೆ ಬಂದದ್ದು ಸರಿಯಾದ ಮಾಲು, ಓದುವಾಗ ಆದದ್ದು ನಿಮ್ಮ ತಪ್ಪು. ಯಂತ್ರಾನುವಾದ ನಂಬಿಕೊಂಡು ಓದಿದರೆ ಜಪಾನಿನ ಪುಟಗಳಲ್ಲಿ ಇದು ಪದೇಪದೇ ಆಗುತ್ತದೆ. ಅದೇ, ಪುಟದಲ್ಲಿ ಮೀಡಿಯಂ ಎಂದಿದ್ದು ಎಫ್‌ಎಂ ಬಂದಿದ್ದರೆ ನಿಮಗೆ ದಾರಿಯಿತ್ತು. ಆ ದಾರಿ ಇದ್ದದ್ದು ಗೋದಾಮಿನಲ್ಲಿ.

ಪೆಟ್ಟಿಗೆ ಗೋದಾಮು ಮುಟ್ಟಿತು ಅಂತ ಸಂದೇಶ ಬರುತ್ತದಲ್ಲ, ನಿಮ್ಮ ಪಾಲಿಗೆ ಡೆಲಿವರಿಯ ದಿನ ಅದೇ. ಅವತ್ತೇ ಫೋಟೊ ಕೇಳಿ. ಹೆಚ್ಚಿನ ಕಂಪನಿಗಳು ಸ್ವಲ್ಪ ದುಡ್ಡು ತೆಗೆದುಕೊಂಡು ತೆರೆದು ನೋಡಿ ಫೋಟೊ ಕಳಿಸುತ್ತವೆ. "ಚೆನ್ನಾಗಿದೆಯಾ ನೋಡಿ" ಎಂದು ಬರೆಯಬೇಡಿ, ನೋಡುವವರು ಪೆನ್ನು ಬಲ್ಲವರಲ್ಲ. ನಿಬ್ಬಿನ ಮೇಲಿನ ಅಕ್ಷರ ಕಾಣುವ ಒಂದು ಫೋಟೊ, ಕ್ಯಾಪಿನ ಅಂಚಿನದು ಒಂದು, ಹಿಡಿಯುವ ಭಾಗದ್ದು ಒಂದು ಎಂದು ಬಿಡಿಸಿ ಕೇಳಿ. ತಪ್ಪು ಮಾಲು ಬಂದಿದ್ದರೆ ಜಪಾನಿನೊಳಗೇ ಅಂಚೆಯಲ್ಲಿ ಅದು ಅಂಗಡಿಗೆ ಹಿಂದಿರುಗುತ್ತದೆ, ಬದಲಿ ಬರುತ್ತದೆ. ಮೈಸೂರಿನ ಒಬ್ಬ ವಿದ್ಯಾರ್ಥಿನಿ ಹೀಗೆ ಮೂರು ಫೋಟೊ ಕೇಳಿ ತಪ್ಪು ನಿಬ್ಬಿನ ಪೆನ್ನನ್ನು ಗೋದಾಮಿನಿಂದಲೇ ಬದಲಾಯಿಸಿಕೊಂಡು ನನಗೆ ಬರೆದಾಗ, ಇಷ್ಟು ಸಲ ಹೇಳಿದ್ದು ವ್ಯರ್ಥವಾಗಲಿಲ್ಲ ಎಂದು ನಿಜಕ್ಕೂ ಹೆಮ್ಮೆಪಟ್ಟೆ.

ಮೆರ್ಕಾರಿಯಲ್ಲಿ ಇದು ಇನ್ನೂ ಬಿಗಿ. ಅಲ್ಲಿ ಕೊಂಡವರ ದುಡ್ಡನ್ನು ಮೆರ್ಕಾರಿ ಹಿಡಿದಿಟ್ಟುಕೊಂಡಿರುತ್ತದೆ. ಮಾಲು ಬಂತು ಎಂದು ಕೊಂಡವರು ಅಂಕ ಕೊಟ್ಟ ಮೇಲೆ ದುಡ್ಡು ಮಾರಿದವರಿಗೆ ಸೇರಿ ವ್ಯವಹಾರ ಮುಚ್ಚುತ್ತದೆ. ಕೊಂಡವರು ಅಂದರೆ ಇಲ್ಲಿ ಗೋದಾಮಿನವರು. ಪೆಟ್ಟಿಗೆ ಮುಟ್ಟಿದ ಮೇಲೆ ಅವರು ಬಹಳ ದಿನ ಕಾಯುವುದಿಲ್ಲ. ಆದ್ದರಿಂದ ಮೆರ್ಕಾರಿಯಾದರೆ ಪರೀಕ್ಷೆಯ ಕೋರಿಕೆಯನ್ನು ಆರ್ಡರ್ ಹಾಕುವಾಗಲೇ ಸೇರಿಸಬೇಕು.

ಹಳೇ ಸಾಮಾನಿನ ಪುಟಗಳಲ್ಲಿ "ನೋ ಕ್ಲೇಮ್, ನೋ ರಿಟರ್ನ್" ಅನ್ನುವ ಸಾಲು ಕಾಣುತ್ತದೆ. ನಮ್ಮ ಅಂಗಡಿ ಬಿಲ್ಲಿನ "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಇದ್ದ ಹಾಗೆ. ಕಾನೂನಿನ ದೃಷ್ಟಿಯಲ್ಲಿ ಅದು ಬ್ರಹ್ಮಲಿಪಿಯಲ್ಲ. ತನಗೆ ಗೊತ್ತಿದ್ದ ದೋಷವನ್ನು ಮುಚ್ಚಿಟ್ಟು ಮಾರಿದವರು ಆ ಸಾಲಿನ ಹಿಂದೆ ಅಡಗಲಾರರು, ಜಪಾನಿನ ಸಿವಿಲ್ ಸಂಹಿತೆ ಹಾಗೆ ಹೇಳುತ್ತದೆ. ಆದರೆ ಹಾವೇರಿಯಲ್ಲಿ ಕೂತು, ಏಜೆಂಟರ ಮೂಲಕ, "ಅವರಿಗೆ ಗೊತ್ತಿತ್ತು" ಎಂದು ಸಾಬೀತು ಮಾಡುವುದು ಹೇಗೆ? ಇನ್ನು "ಜಂಕ್" ಎಂದು ಬರೆದದ್ದು ಕಸವೇ ಆಗಿರಬೇಕಿಲ್ಲ, ಪರೀಕ್ಷೆ ಮಾಡಿಲ್ಲ, ಹೊಣೆ ನಮ್ಮದಲ್ಲ ಎಂಬರ್ಥದಲ್ಲೂ ಬರೆಯುತ್ತಾರೆ. ಹಾಗೆ ಬರೆದದ್ದನ್ನು ಕೊಂಡು ದೂರುವಂತಿಲ್ಲ.

ನಾನೂ ಈ ಪಾಠಕ್ಕೆ ಶುಲ್ಕ ಕಟ್ಟಿದ್ದೇನೆ. ಕೆಲವು ವರ್ಷದ ಹಿಂದೆ ಹರಾಜಿನಲ್ಲಿ ಒಂದು ಹಳೇ ಪಾಕೆಟ್ ಪೆನ್ನು ತೆಗೆದುಕೊಂಡೆ. ಮನೆಗೆ ಬಂದ ಮೇಲೆ ಇಂಕು ತುಂಬಿದರೆ ಬೆರಳೆಲ್ಲ ನೀಲಿ, ಹಿಡಿಯುವ ಭಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಏಜೆಂಟ್ ಕಂಪನಿಗೆ ಉದ್ದದ ಪತ್ರ ಬರೆದೆ. ಎರಡು ಸಾಲಿನ ಉತ್ತರ ಬಂತು: ಮಾರಿದವರು ರಿಟರ್ನ್ ಇಲ್ಲವೆಂದು ಬರೆದಿದ್ದರು, ಗೋದಾಮಿನಲ್ಲಿ ನೀವು ಪರೀಕ್ಷೆ ಕೇಳಿರಲಿಲ್ಲ. ಸಿಟ್ಟಿನಲ್ಲಿ ಹಳೇ ಪುಟ ತೆರೆದು ನೋಡಿದೆ. ಮಾರಾಟಗಾರರು ಹಾಕಿದ್ದ ಫೋಟೊವನ್ನು ದೊಡ್ಡದು ಮಾಡಿದರೆ ಬಿರುಕು ಕಾಣುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಯಿತು. ಅಂದಿನಿಂದ ಪ್ರತಿ ಫೋಟೊವನ್ನೂ ದೊಡ್ಡದು ಮಾಡಿ ನೋಡದೆ ನಾನು ಹರಾಜು ಕೂಗುವುದಿಲ್ಲ.

ದಾರಿಯಲ್ಲಿ ಒಡೆದಿದ್ದರೆ ಮಾತು ಬೇರೆ. ಅದು ರಿಟರ್ನ್ ಅಲ್ಲ, ಪರಿಹಾರ. ಜಪಾನ್ ಅಂಚೆಯ ಇಎಂಎಸ್ ಎಂಬ ವೇಗದ ಅಂಚೆಯಲ್ಲಿ ಬಂದಿದ್ದರೆ ಹೆಚ್ಚಿನ ಶುಲ್ಕವಿಲ್ಲದೆಯೇ 20,000 ಯೆನ್‌ವರೆಗೆ ಪರಿಹಾರದ ವ್ಯವಸ್ಥೆ ಇದೆ. ಪೆಟ್ಟಿಗೆ, ಒಳಗಿನ ಕಾಗದ, ಗುಳ್ಳೆ ಪ್ಲಾಸ್ಟಿಕ್, ಯಾವುದನ್ನೂ ಎಸೆಯಬೇಡಿ. ಫೋಟೊ ತೆಗೆದು ಅಂಚೆ ಕಚೇರಿಗೂ ಏಜೆಂಟರಿಗೂ ಕೂಡಲೇ ತಿಳಿಸಿ.

"ಹೋಗಲಿ, ನನ್ನ ಖರ್ಚಲ್ಲೇ ಕಳಿಸುತ್ತೇನೆ, ಕಟ್ಟಿದ ಕಸ್ಟಮ್ಸ್ ಸುಂಕವಾದರೂ ವಾಪಸ್ ಬರುತ್ತಾ?" ನೀವು ಕೇಳಿಲ್ಲ, ಮುಂದಿನ ಪತ್ರದಲ್ಲಿ ಕೇಳುತ್ತೀರಿ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಎರಡು ಬಾಗಿಲಿವೆ. 26ಎ ಕಲಮು ದೋಷವಿರುವ ಅಥವಾ ಹೇಳಿದಂತಿಲ್ಲದ ಮಾಲಿಗೆ, ಸಾಮಾನ್ಯವಾಗಿ ಬಿಡುಗಡೆಯ ಆದೇಶವಾದ 30 ದಿನದೊಳಗೆ ಅದನ್ನು ಹೊರದೇಶಕ್ಕೆ ಕಳಿಸಬೇಕು. 74ನೇ ಕಲಮಿನಲ್ಲಿ, ಬಳಸದ ಮಾಲನ್ನು ಎರಡು ವರ್ಷದೊಳಗೆ ಮರುರಫ್ತು ಮಾಡಿದರೆ ಸುಂಕದ ಶೇ. 98ರಷ್ಟು ಸಿಗುತ್ತದೆ. ಎರಡಕ್ಕೂ ಬಂದ ಮಾಲೇ ಹೋಗುತ್ತಿದೆ ಎಂದು ಅಧಿಕಾರಿಗೆ ತೋರಿಸುವ ಕಾಗದಪತ್ರ ಬೇಕು. ಯಂತ್ರ ತರಿಸಿದ ಕಾರ್ಖಾನೆಗೆ ಅದು ಸರಿ. ಒಂದು ಪೆನ್ನಿಗೆ ಓಡಾಟದ ಖರ್ಚೂ ಹುಟ್ಟುವುದಿಲ್ಲ, ಅಲ್ಲದೆ ಅಲ್ಲಿ ಅದನ್ನು ತೆಗೆದುಕೊಳ್ಳುವವರೂ ಇಲ್ಲ.

ಹಾಗಾದರೆ ಪೆನ್ನನ್ನು ಏನು ಮಾಡುವುದು? ಇಂಕು ಮುಟ್ಟಿಸದ ಜಪಾನಿನ ಪೆನ್ನಿಗೆ ನಮ್ಮ ದೇಶದ ಪೆನ್ನುಪ್ರಿಯರಲ್ಲಿ ಗಿರಾಕಿ ಸಿಗುತ್ತಾರೆ, ಮೀಡಿಯಂ ಇಟ್ಟುಕೊಂಡು ಸಣ್ಣ ನಿಬ್ಬು ಹುಡುಕುವವರೂ ಇರುತ್ತಾರೆ. ನಿಮಗೆ ಬೇಕಾದ ಬದಲಾವಣೆ ಅಲ್ಲಿ ಆಗಬಹುದು.

ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ನೀವು ಬರೆಯುವುದು ಕನ್ನಡವೇ? ಹಾಗಿದ್ದರೆ ಮೀಡಿಯಂ ಯಾಕೆ ಬೇಕು? ಜಪಾನಿನ ನಿಬ್ಬುಗಳು ಯುರೋಪಿನವಕ್ಕಿಂತ ಸುಮಾರು ಒಂದು ಅಳತೆ ಸಣ್ಣ. ಅಲ್ಲಿನವರು ದಟ್ಟವಾದ ಗೆರೆಗಳ ಅಕ್ಷರವನ್ನು ಚಿಕ್ಕ ಚೌಕದೊಳಗೆ ಬರೆಯಬೇಕು. ನಮ್ಮ ಲಿಪಿಯ ಕಷ್ಟವೂ ಅದರ ಹತ್ತಿರದ್ದೇ. ಣ, ಘ, ಝ ಬರೆಯುವಾಗ ಒಳಗಿನ ಬಿಳಿ ಉಳಿಯಬೇಕು, ಸಾಲಿನ ಕೆಳಗೆ ಒತ್ತಕ್ಷರಕ್ಕೆ ಜಾಗ ಸಿಗಬೇಕು. ದಪ್ಪ ನಿಬ್ಬಿನಲ್ಲಿ "ರಾಷ್ಟ್ರ" ಎಂದು ಬರೆದರೆ ಷಕಾರದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿ ಇಂಕಿನ ಚುಕ್ಕೆಯಾಗುತ್ತವೆ. ಇಂಗ್ಲಿಷ್ ಸಹಿಗೆ ಮೀಡಿಯಂ ಚೆಂದ, ಕನ್ನಡದ ಪುಟಕ್ಕೆ ನಾನು ವರ್ಷಗಳಿಂದ ಬಳಸುತ್ತಿರುವುದು ನಿಮ್ಮ ಕೈಯಲ್ಲಿರುವ ಈ ಎಫ್‌ಎಂ ಅಳತೆಯನ್ನೇ.

ಮಾರುವುದೇ ಖಚಿತವಾದರೆ ಮುಟ್ಟದೆ ಮಾರಿ. ಅನುಮಾನವಿದ್ದರೆ ಪರಿಚಯದವರ ಹತ್ತಿರ ಎಫ್‌ಎಂ ಇದೆಯಾ ವಿಚಾರಿಸಿ, ಅವರ ಪೆನ್ನಿನಲ್ಲಿ ಒಂದು ಪುಟ ಕನ್ನಡ ಬರೆದು, ಆಮೇಲೆ ನಿಮ್ಮ ಡಬ್ಬಿ ತೆರೆಯಿರಿ.