ಎನ್‌ವಿಡಿಯಾ ಡ್ರೈವರ್: ಉಬುಂಟುವಿಗೆ ಎಲ್ಲಿಂದ ಹಾಕಿಕೊಳ್ಳಬೇಕು?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಕಾರ್ಡ್ ಇದೆ. ಉಬುಂಟು ಲಿನಕ್ಸ್ ಹಾಕಿದ ಮೇಲೆ ಕಂಪನಿಯ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಂಡು ಹಾಕಿದೆ. ಕೆಲವು ದಿನ ಚೆನ್ನಾಗಿಯೇ ಇತ್ತು. ಮೊನ್ನೆ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಮಾಡಿದರೆ ಬರೀ ಕಪ್ಪು ಪರದೆ. ಏನಾಯಿತು?

ಉತ್ತರ: ಈ ಪ್ರಶ್ನೆ ಕೇಳುವವರು ತುಂಬಾ ಜನ. ವಿಂಡೋಸ್‌ನಲ್ಲಿ ಡ್ರೈವರ್ ಬೇಕೆಂದರೆ ತಯಾರಕರ ಜಾಲತಾಣಕ್ಕೆ ಹೋಗುವುದು ರೂಢಿ. ಲಿನಕ್ಸ್‌ಗೆ ಬಂದ ಮೇಲೆ ಮೊದಲು ಬಿಡಬೇಕಾದ ರೂಢಿ ಅದೇ.

ಎನ್‌ವಿಡಿಯಾ ಡ್ರೈವರಿನ ಒಂದು ಭಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಒಳಗೇ ಕೂತು ಕೆಲಸ ಮಾಡುತ್ತದೆ. ಅದಕ್ಕೆ ಕರ್ನಲ್ ಮಾಡ್ಯೂಲ್ ಅನ್ನುತ್ತಾರೆ. ಯಾವ ಆವೃತ್ತಿಯ ಕರ್ನಲ್‌ಗೆಂದು ಮಾಡ್ಯೂಲ್ ಕಂಪೈಲ್ ಆಗಿದೆಯೋ (ಕೋಡಿನಿಂದ ಕಟ್ಟಲ್ಪಟ್ಟಿದೆಯೋ) ಅದಕ್ಕೆ ಮಾತ್ರ ಅದು ಹೊಂದುತ್ತದೆ. ಅಪ್‌ಡೇಟ್ ಹೊಸ ಕರ್ನಲ್ ತಂದಿತು, ನಿಮ್ಮ ಮಾಡ್ಯೂಲ್ ಹಳೆಯದಕ್ಕೇ ಉಳಿಯಿತು. ಜಾಲತಾಣದಿಂದ ತಂದ ಫೈಲನ್ನು ನೀವೇ ಹಾಕಿದ್ದರಿಂದ ಅಂಥದ್ದೊಂದು ಇದೆ ಎಂಬುದೇ ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆಗೆ ಗೊತ್ತಿರುವುದಿಲ್ಲ. ಅದೇ ಉಬುಂಟುವಿನ ಪ್ಯಾಕೇಜ್ ಆಗಿದ್ದರೆ, ಹೊಸ ಕರ್ನಲ್ ಜೊತೆ ಅದಕ್ಕೆ ಹೊಂದುವ ಮಾಡ್ಯೂಲೂ ಸಿದ್ಧವಾಗಿ ಬರುತ್ತದೆ. ಇಲ್ಲವೇ ಡಿಕೆಎಂಎಸ್ ಎಂಬ ಸಲಕರಣೆ ನಿಮ್ಮ ಯಂತ್ರದಲ್ಲೇ ಅದನ್ನು ಮತ್ತೆ ಕಂಪೈಲ್ ಮಾಡುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಬೂಟ್ ಆಗುವಾಗ ಎಸ್ಕೇಪ್ ಕೀ ಒತ್ತಿ ಬೂಟ್ ಆಯ್ಕೆಗಳನ್ನು ತೋರಿಸುವ ಗ್ರಬ್ ಮೆನು ತರಿಸಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಸಾಮಾನ್ಯವಾಗಿ ಪರದೆ ಮರಳಿ ಬರುತ್ತದೆ. ಕೈಯಾರೆ ಹಾಕಿದ ಡ್ರೈವರನ್ನು ಅದರದೇ ಅನ್‌ಇನ್‌ಸ್ಟಾಲರ್‌ನಿಂದ ತೆಗೆಯಿರಿ. ಆಮೇಲೆ 'ಅಡಿಷನಲ್ ಡ್ರೈವರ್ಸ್' ಕಿಟಕಿ ತೆರೆದು, 'ಟೆಸ್ಟೆಡ್' ಎಂದು ಗುರುತು ಮಾಡಿದ ಡ್ರೈವರನ್ನು ಆರಿಸಿ ಅಪ್ಲೈ ಒತ್ತಿ.

ಎಷ್ಟೋ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಿಮ್ಮ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಆನ್ ಇದ್ದರೆ, ಡಿಜಿಟಲ್ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡಿಕೆಎಂಎಸ್ ಕಟ್ಟಿದ ಮಾಡ್ಯೂಲ್ ಆದರೆ, ಅದರ ಸಹಿಯ ಕೀಲಿಯನ್ನು ನೋಂದಾಯಿಸಲೆಂದು ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬರುತ್ತದೆ, ಅದು ನಿಮಗಾಗಿ ಕಾಯುವುದು ಕೆಲವೇ ಸೆಕೆಂಡು. ಕೂಡಲೇ ಒಂದು ಕೀ ಒತ್ತಿ, 'ಎನ್‌ರೋಲ್ ಮೊಕ್', 'ಕಂಟಿನ್ಯೂ', 'ಯೆಸ್' ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ವೈರಸ್ಸೋ ಏನೋ ಎಂದು ಹೆದರಿ ಸುಮ್ಮನಿದ್ದರೆ ಯಂತ್ರ ಮುಂದೆ ಬೂಟ್ ಆಗುತ್ತದೆ, ಡ್ರೈವರ್ ಮಾತ್ರ ಲೋಡ್ ಆಗುವುದಿಲ್ಲ. ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ (nvidia-smi) ಎಂದು ಕೊಟ್ಟಾಗ ಕಾರ್ಡಿನ ಹೆಸರು, ತಾಪಮಾನ, ಮೆಮೊರಿ ಇರುವ ಪಟ್ಟಿ ಬಂದರೆ ಎಲ್ಲ ಸರಿಯಿದೆ.

ಇಷ್ಟೆಲ್ಲ ಯಾಕೆ, ಇನ್ನೊಂದು ಕಂಪನಿ ಎಎಂಡಿಯ ಕಾರ್ಡುಗಳಿಗೆ ಈ ಗೋಳಿಲ್ಲವಲ್ಲ ಎಂದು ಕೇಳಬಹುದು. ನಿಜ. 2015ರಿಂದ ಎಎಂಡಿಯ ಈಗಿನ ಡ್ರೈವರ್ ಕರ್ನಲ್‌ನಲ್ಲೇ ಇದೆ. ಎನ್‌ವಿಡಿಯಾ ತನ್ನ ಕೋಡ್ ಮುಚ್ಚಿಟ್ಟುಕೊಂಡಿತ್ತು. ಸಮುದಾಯದವರು ಕಾರ್ಡಿನ ನಡವಳಿಕೆಯನ್ನೇ ನೋಡಿ ನೋಡಿ ಕಟ್ಟಿದ ನೂವೋ ಡ್ರೈವರ್ 2010ರಲ್ಲಿ ಕರ್ನಲ್ ಸೇರಿತು. ಆದರೆ 2014ರ ಜಿಟಿಎಕ್ಸ್ 900 ಸರಣಿಯಿಂದ ಎನ್‌ವಿಡಿಯಾ ತಾನು ಸಹಿ ಹಾಕಿದ ಫರ್ಮ್‌ವೇರನ್ನು (ಕಾರ್ಡಿನೊಳಗೆ ಓಡುವ ತಂತ್ರಾಂಶವನ್ನು) ಕಡ್ಡಾಯ ಮಾಡಿದ್ದರಿಂದ, ನೂವೋಗೆ ಆ ಕಾರ್ಡುಗಳ ವೇಗ ಏರಿಸುವುದೇ ಆಗಲಿಲ್ಲ. ಅಷ್ಟು ಶ್ರಮ ಹಾಕಿದವರಿಗೆ ಹೀಗಾದದ್ದು ಅನ್ಯಾಯವೆಂದೇ ನನ್ನ ಅನಿಸಿಕೆ. 2022ರ ಮೇ ತಿಂಗಳಲ್ಲಿ ಕಂಪನಿ ಕರ್ನಲ್ ಮಾಡ್ಯೂಲಿನ ಕೋಡನ್ನಾದರೂ ಮುಕ್ತ ಮಾಡಿತು. ಚಿತ್ರ ಬಿಡಿಸುವ ಓಪನ್‌ಜಿಎಲ್, ಲೆಕ್ಕ ಮಾಡುವ ಕುಡಾ (CUDA) ಭಾಗಗಳು ಇಂದಿಗೂ ಮುಚ್ಚಿಯೇ ಇವೆ.

ಅದಕ್ಕೇ ಪಟ್ಟಿಯಲ್ಲಿ ಕೆಲವು ಡ್ರೈವರ್‌ಗಳ ಹೆಸರಿನ ಕೊನೆಗೆ 'ಓಪನ್' ಎಂದು ಕಾಣುತ್ತದೆ. ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿ ಅಥವಾ ಅದಕ್ಕಿಂತ ಹೊಸ ಕಾರ್ಡಿದ್ದರೆ ಅದನ್ನೇ ಆರಿಸಿ. ಆರ್‌ಟಿಎಕ್ಸ್ 50 ಸರಣಿಗೆ ಅದು ಬಿಟ್ಟರೆ ಬೇರೆ ನಡೆಯುವುದೇ ಇಲ್ಲ. ಜಿಟಿಎಕ್ಸ್ 900 ಅಥವಾ 10 ಸರಣಿಯವರು 'ಓಪನ್' ಇಲ್ಲದ 580 ಡ್ರೈವರನ್ನು ಆರಿಸಿ ಅಲ್ಲಿಗೇ ನಿಲ್ಲಿ. ಆ ಕಾರ್ಡುಗಳನ್ನು ಬೆಂಬಲಿಸುವ ಕೊನೆಯ ಡ್ರೈವರ್ ಸರಣಿ ಅದು.