ಮಾತ್ರೆಗೆ ಕರಗುವ ಲಿಂಫೋಮಾ: ಮತ್ತೆ ಕಾಯುವುದೇಕೆ?

ಜಠರದ ಲಿಂಫೋಮಾ, ಅಂದರೆ ರೋಗನಿರೋಧಕ ಕೋಶಗಳ ಕ್ಯಾನ್ಸರ್, ಬಂದರೆ ಹಿಂದೆ ಹೆಚ್ಚಾಗಿ ಆಪರೇಷನ್ನೇ. ಜಠರದ ಒಂದು ಭಾಗವನ್ನೋ ಇಡೀ ಜಠರವನ್ನೋ ತೆಗೆಯುತ್ತಿದ್ದರು. ಈಗ ಅದರಲ್ಲೇ ನಿಧಾನವಾಗಿ ಬೆಳೆಯುವ ಮಾಲ್ಟ್ ಎಂಬ ಬಗೆಗೆ ಮೊದಲು ಕೊಡುವುದು ಸುಮಾರು ಎರಡು ವಾರದ ಆಂಟಿಬಯಾಟಿಕ್.

ಮಾಲ್ಟ್ ಬೇರೆಯೇ ಬಗೆ ಎಂದು 1983ರಲ್ಲಿ ಪೀಟರ್ ಐಸಾಕ್ಸನ್ ಮತ್ತು ಡೆನ್ನಿಸ್ ರೈಟ್ ತೋರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಕಂಡಿದ್ದರು. ಎರಡೂ ಕಥೆ ಕೂಡಲು ಇನ್ನೂ ಕೆಲವು ವರ್ಷ ಬೇಕಾಯಿತು.

ಇಲ್ಲೊಂದು ಒಗಟಿತ್ತು. ಆರೋಗ್ಯವಂತ ಜಠರದಲ್ಲಿ ಈ ಕೋಶಗಳು ಗುಂಪಾಗಿ ನೆಲೆಸುವ ಲಿಂಫ್ ಅಂಗಾಂಶವೇ ಇರುವುದಿಲ್ಲ. ಹಾಗಿದ್ದರೆ ಲಿಂಫೋಮಾ ಬರುವುದು ಎಲ್ಲಿಂದ? ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬೀಡುಬಿಟ್ಟರೆ ಅದನ್ನು ಎದುರಿಸಲು ರೋಗನಿರೋಧಕ ಕೋಶಗಳು ಬಂದು ನೆಲೆಸುತ್ತವೆ. ಅವುಗಳಲ್ಲಿ ಬಿ ಕೋಶ ಎಂಬ ಬಗೆಯ ಒಂದು ಕೋಶದ ಸಂತತಿ ಹದ್ದು ಮೀರುತ್ತದೆ. 1991ರಲ್ಲಿ 110 ರೋಗಿಗಳ ಮಾದರಿ ನೋಡಿದಾಗ ನೂರಕ್ಕೆ 92ರಲ್ಲಿ ಈ ಬ್ಯಾಕ್ಟೀರಿಯಾ ಇತ್ತು.

1993ರಲ್ಲಿ ಕಥೆ ತಿರುಗಿತು. ಗೆಡ್ಡೆಯ ಕೋಶಗಳನ್ನು ಲ್ಯಾಬ್‌ನಲ್ಲಿ ಇಟ್ಟು ಬ್ಯಾಕ್ಟೀರಿಯಾ ಸೇರಿಸಿದರೆ ಅವು ಬೆಳೆದವು. ಅವುಗಳ ಜೊತೆಗಿದ್ದ ಟಿ ಕೋಶಗಳನ್ನು (ಇನ್ನೊಂದು ಬಗೆಯ ರೋಗನಿರೋಧಕ ಕೋಶ) ತೆಗೆದರೆ ಬೆಳವಣಿಗೆ ನಿಂತಿತು. ಅಂದರೆ ಬ್ಯಾಕ್ಟೀರಿಯಾ ಟಿ ಕೋಶಗಳನ್ನು ಕೆರಳಿಸುತ್ತಿತ್ತು, ಗೆಡ್ಡೆಯನ್ನು ಪೋಷಿಸುತ್ತಿದ್ದುದು ಆ ಟಿ ಕೋಶಗಳು. ಅದೇ ವರ್ಷ ಆರು ರೋಗಿಗಳಿಗೆ ಆಂಟಿಬಯಾಟಿಕ್ ಕೊಟ್ಟರು. ಐವರಲ್ಲಿ ಲಿಂಫೋಮಾ ಮಾಯವಾಯಿತು. ಬರೀ ಆರು ಜನ, ನಿಜ. ಆದರೆ ಆಮೇಲಿನ ದೊಡ್ಡ ಅಧ್ಯಯನಗಳಲ್ಲೂ, ರೋಗ ಜಠರದಲ್ಲೇ ಇದ್ದವರಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಗುಣ ಕಂಡಿತು.

ಗೋಜಲು ಆದದ್ದು ಇದಾದ ಮೇಲೆ. ಬ್ಯಾಕ್ಟೀರಿಯಾ ಕೆಲವೇ ವಾರಗಳಲ್ಲಿ ಸಾಯುತ್ತದೆ. ಲಿಂಫೋಮಾ ಕರಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಕ್ಕಿಂತ ಜಾಸ್ತಿ. ಈ ನಡುವೆ ಬಯಾಪ್ಸಿಯಲ್ಲಿ ಒಂದಿಷ್ಟು ಕೋಶ ಉಳಿದು ಕಂಡರೆ ಎಲ್ಲರಿಗೂ ಆತಂಕ. ಕ್ಯಾನ್ಸರ್ ಅಂದ ಮೇಲೆ ಸುಮ್ನೆ ಕೂರೋದು ಹೇಗೆ, ಅಲ್ವಾ? ಆದರೆ ರೋಗ ಹೆಚ್ಚುತ್ತಿಲ್ಲ, ತೊಂದರೆಯೂ ಇಲ್ಲ ಅಂದರೆ ಎಂಡೋಸ್ಕೋಪಿ ಮಾಡುತ್ತಾ ಕಾಯಬಹುದು ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಅವಸರದ ಚಿಕಿತ್ಸೆಯಿಂದ ರೋಗಿಗೆ ಸಿಗುವುದು ಅದರ ಅಡ್ಡಪರಿಣಾಮವೇ ಹೆಚ್ಚು.

ಎಲ್ಲರಿಗೂ ಈ ದಾರಿ ಆಗುವುದಿಲ್ಲ. 11 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿದ್ದರೆ ಗೆಡ್ಡೆ ಸಾಮಾನ್ಯವಾಗಿ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಜಠರದ ಗೋಡೆಯ ಆಳಕ್ಕೆ ಇಳಿದಿದ್ದರೂ ಫಲ ಕಡಿಮೆ. ಅಂಥವರಿಗೆ ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ತೊಡಕು ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತಿರುವುದು. ಹಾಗಾಗಿ ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ ಉಸಿರಿನ ಪರೀಕ್ಷೆ ಮಾಡಿ, ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ನೋಡುತ್ತಾರೆ. ಉಳಿದಿದ್ದರೆ ಬೇರೆ ಮಾತ್ರೆಗಳ ಇನ್ನೊಂದು ಕೋರ್ಸ್.