ಫೋನ್ ಸ್ಲೋ ಆಗೇತಿ, ಬರೇ ಜಾಹೀರಾತು ಬರ್ತಾವ: ಯಾವ ಕ್ಲೀನರ್ ಆಪ್ ಹಾಕ್ಲಿ?

ಪ್ರಶ್ನೆ: ‘ಸರ, ನಾನು ಇಳಕಲ್ಲಿನಾಕಿ. ಮನ್ಯಾಗ ಸೀರಿ ಇಟ್ಕೊಂಡು ಮಾರತೇನಿ. ಮೂರು ವರ್ಷದ ಹಿಂದ ಒಂಬತ್ತು ಸಾವಿರ ಕೊಟ್ಟು ಫೋನ್ ತಗೊಂಡೇನಿ. 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್. ಗಿರಾಕಿ ಸೀರಿ ಫೋಟೋ ಕೇಳಿದ್ರ ಕ್ಯಾಮೆರಾ ತೆರಿಯೂದ್ರೊಳಗ ಅವರಿಗೆ ಬ್ಯಾಸರ ಬಂದಿರತದ. ಸುಮ್ನ ಇಟ್ರೂ ಪರದೆ ತುಂಬ ಜಾಹೀರಾತು ಬಂದು ಕೂಡತಾವ. ಒಂದು ಕ್ಲೀನರ್ ಆಪ್ ಹಾಕಿದೆ, ಮತ್ತಷ್ಟು ಹೆಚ್ಚಾತು. ಬ್ಯಾರೆ ಯಾವುದು ಹಾಕ್ಲಿ?’

ಉತ್ತರ: ಯಾವುದನ್ನೂ ಹಾಕಬ್ಯಾಡ್ರಿ ಅಕ್ಕಾರ. ಹಾಕಿದ್ದನ್ನು ತೆಗೆಯಬೇಕು.

ಬಾಗಲಕೋಟೆ, ಹುನಗುಂದ, ಗುಳೇದಗುಡ್ಡ, ಎಲ್ಲಿಂದ ಪ್ರಶ್ನೆ ಬಂದರೂ ಹೆಚ್ಚುಕಡಿಮೆ ಇದೇ ಇರುತ್ತದೆ. ಎಲ್ಲರೂ ಕೇಳುವುದು ಹೊಸ ಆಪ್‌ನ ಹೆಸರು. ಕಳೆದ ವಾರ ಇಳಕಲ್ಲಿಗೆ ಹೋಗಿದ್ದಾಗ ಈ ಅಕ್ಕನ ಮನೆಗೇ ಹೋಗಿ, ಅವರು ಸೀರೆ ಬಿಚ್ಚಿ ತೋರಿಸುವ ಗಾದಿಯ ಮೇಲೆ ಕೂತು, ಎರಡು ತಾಸು ಅವರ ಫೋನ್ ಜಾಲಾಡಿದೆ. ಅಲ್ಲಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೀರೆ ವ್ಯಾಪಾರದಲ್ಲಿ ಕಪಾಟು ಬೇರೆ, ಗಾದಿ ಬೇರೆ. ಕಪಾಟಿನಲ್ಲಿ ಮಡಿಸಿಟ್ಟ ಮಾಲು, ಗಾದಿಯ ಮೇಲೆ ಗಿರಾಕಿಗೆ ಬಿಚ್ಚಿ ಹಾಸಿದ ನಾಲ್ಕೈದು ಸೀರೆ. ಫೋನಿನಲ್ಲಿ ಸ್ಟೋರೇಜ್ ಎಂದರೆ ಕಪಾಟು, ರ್‍ಯಾಮ್ ಎಂದರೆ ಗಾದಿ. ನೀವು ಆಗತಾನೆ ಬಳಸಿದ ಆಪ್‌ಗಳನ್ನು ಆಂಡ್ರಾಯ್ಡ್ ಗಾದಿಯ ಮೇಲೆ ಹಾಗೇ ಬಿಟ್ಟಿರುತ್ತದೆ, ಮತ್ತೆ ಕೇಳಿದರೆ ಥಟ್ಟನೆ ತೋರಿಸಲಿ ಎಂದು. ಜಾಗ ಸಾಲದಾದಾಗ ಹಳೆಯದನ್ನು ತಾನೇ ಮಡಿಸಿ ಒಳಗಿಡುತ್ತದೆ. ನಾವು ಹತ್ತು ನಿಮಿಷಕ್ಕೊಮ್ಮೆ ಎಲ್ಲ ಆಪ್‌ಗಳನ್ನು ಮೇಲಕ್ಕೆ ತಳ್ಳಿ ಮುಚ್ಚುತ್ತೇವಲ್ಲ, ಅದು ಗಿರಾಕಿ ಕೂತಿರುವಾಗಲೇ ಸೀರೆ ಮಡಿಸಿ ಕಪಾಟಿಗೆ ಸೇರಿಸಿದಂತೆ. ಮರುಕ್ಷಣ ಮತ್ತೆ ಅದನ್ನೇ ಇಳಿಸಬೇಕು. ಸಮಯವೂ ಹೋಯಿತು, ಬ್ಯಾಟರಿಯೂ ಹೋಯಿತು. ಕ್ಲೀನರ್, ಬೂಸ್ಟರ್ ಎಂಬ ಆಪ್‌ಗಳು ದಿನವಿಡೀ ಮಾಡುವುದು ಇದೇ ಕೆಲಸ. ಅದೂ ಸಾಲದೆ ಗಾದಿಯ ಒಂದು ಮೂಲೆಯಲ್ಲಿ ತಾವೂ ಕೂತಿರುತ್ತವೆ. ಅಕ್ಕನ ಫೋನಿನಿಂದ ಮೊದಲು ಹೊರಗೆ ಹಾಕಿದ್ದು ಆ ಕ್ಲೀನರನ್ನೇ.

ಆದರೆ ನಿಜವಾದ ತೊಂದರೆ ಇದ್ದದ್ದು ಕಪಾಟಿನಲ್ಲಿ. 64 ಜಿಬಿಯಲ್ಲಿ 61 ತುಂಬಿತ್ತು. ಅಗ್ಗದ ಫೋನುಗಳಲ್ಲಿ ಹೆಚ್ಚಾಗಿ ಇರುವುದು ಇಎಂಎಂಸಿ ಎಂಬ ಸ್ಟೋರೇಜ್ ಚಿಪ್. ದುಬಾರಿ ಫೋನಿನ ಯುಎಫ್‌ಎಸ್ ಚಿಪ್ ಓದುವುದು, ಬರೆಯುವುದು ಎರಡನ್ನೂ ಒಂದೇ ಹೊತ್ತಿಗೆ ಮಾಡಬಲ್ಲದು. ಇಎಂಎಂಸಿಗೆ ಒಂದು ಸಲಕ್ಕೆ ಒಂದೇ ಕೆಲಸ. ಎರಡಕ್ಕೂ ಇರುವ ಇನ್ನೊಂದು ಗುಣವೆಂದರೆ, ಒಮ್ಮೆ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು, ಅಳಿಸುವುದೂ ದೊಡ್ಡ ದೊಡ್ಡ ತುಂಡುಗಳಲ್ಲಿ. ಆ ತುಂಡಿನಲ್ಲಿ ಬೇಕಾದ ಫೈಲ್ ಇದ್ದರೆ ಅದನ್ನು ಮೊದಲು ಬೇರೆ ಕಡೆ ಎತ್ತಿಡಬೇಕು. ಎತ್ತಿಡಲು ಖಾಲಿ ಜಾಗವೇ ಇಲ್ಲದಿದ್ದರೆ? ಕ್ಯಾಮೆರಾ ಒತ್ತಿದಾಗ ಫೋನ್ ಸ್ತಬ್ಧವಾಗಿ ನಿಲ್ಲುವುದು ಈ ಹೊತ್ತಿನಲ್ಲಿಯೇ. ಆದ್ದರಿಂದ ಐದರಲ್ಲಿ ಒಂದು ಪಾಲನ್ನಾದರೂ ಯಾವಾಗಲೂ ಖಾಲಿ ಇಡಿ. 64ಕ್ಕೆ ಸುಮಾರು 13 ಜಿಬಿ.

ಎಲ್ಲಿಂದ ತೆಗೆಯುವುದು? ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಫೋನುಗಳಿಗೆ ಉತ್ತರ ವಾಟ್ಸ್‌ಆಪ್. ಅಕ್ಕನ ಫೋನಿನಲ್ಲಿ ಅದೊಂದೇ 23 ಜಿಬಿ ನುಂಗಿತ್ತು. ವಾಟ್ಸ್‌ಆಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆಯಿರಿ. 5 ಎಂಬಿಗಿಂತ ದೊಡ್ಡ ಫೈಲ್‌ಗಳು ಒಂದು ಕಡೆ, ಹಲವು ಸಲ ಫಾರ್ವರ್ಡ್ ಆದವು ಇನ್ನೊಂದು ಕಡೆ ಸಿಗುತ್ತವೆ. ಎರಡನೆಯದನ್ನು ತೆರೆದರೆ ಶುಭೋದಯದ ವಿಡಿಯೋ, ಅದೇ ದೇವರ ವಿಡಿಯೋ ನಾಲ್ಕು ಗುಂಪಿನಿಂದ ನಾಲ್ಕು ಸಲ. ಅವನ್ನೆಲ್ಲ ಅಳಿಸಿದೆವು. ಸೀರೆಯ ಫೋಟೋ ಬಂದಾಗ ಮಾತ್ರ ಅಕ್ಕ ನನ್ನ ಕೈ ಹಿಡಿದರು. ‘ತಮ್ಮಾ, ಆ ಟೋಪ್ ತೆನಿ ಸೆರಗಿಂದು ಇರಲಿ. ಎರಡು ವರ್ಷ ಆದಮ್ಯಾಲೂ ಅದ ಬೇಕಂತ ಕೇಳತಾರ.’ ಖಂಡಿತ ಇರಲಿ. ಕ್ಯಾಮೆರಾದ ಮೂಲ ಫೋಟೋಗಳನ್ನು ಮೆಮೊರಿ ಕಾರ್ಡಿಗೆ ಸಾಗಿಸಿ. ಆಪ್‌ಗಳನ್ನು ಕಾರ್ಡಿಗೆ ಹಾಕಬೇಡಿ, ಕಾರ್ಡು ಇನ್ನೂ ನಿಧಾನ. ಫೋಟೋಗಳಿಗೆ ಅದು ಸಾಕು. ವ್ಯಾಪಾರದವರು ಗಮನಿಸಬೇಕಾದ ಇನ್ನೊಂದು ಸಂಗತಿ: ನೀವು ಕಳಿಸಿದ ಫೋಟೋದ ಇನ್ನೊಂದು ಪ್ರತಿಯನ್ನು ವಾಟ್ಸ್‌ಆಪ್ ತನ್ನ ‘ಸೆಂಟ್’ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಫೈಲ್ ಮ್ಯಾನೇಜರ್‌ನಲ್ಲಿ ಹುಡುಕಬೇಕು. ಅಕ್ಕನ ಫೋನಿನಲ್ಲಿ ಅಂಥ ಫೋಟೋ ಸಾವಿರಗಟ್ಟಲೆ ಇದ್ದವು.

ಇಷ್ಟೆಲ್ಲ ಮಾಡಿದ ಮೇಲೆ ಗ್ಯಾಲರಿಯಲ್ಲಿದ್ದ ಹಳೆಯ ವಿಡಿಯೋಗಳನ್ನೂ ಅಳಿಸಿ ಲೆಕ್ಕ ನೋಡಿದರೆ ಆ ವಿಡಿಯೋಗಳ ಜಾಗವೇ ವಾಪಸ್ ಬಂದಿರಲಿಲ್ಲ. ಅಕ್ಕ ಫೋನನ್ನೂ ನನ್ನ ಮುಖವನ್ನೂ ನೋಡಿದರು. ಗ್ಯಾಲರಿಯಿಂದ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಉಳಿಯುತ್ತದೆ. ಬುಟ್ಟಿಯನ್ನು ಖಾಲಿ ಮಾಡಿದಾಗ ಅದೂ ಸೇರಿ 19 ಜಿಬಿ ಬಿಡುವಾಯಿತು. ಮತ್ತೆ ತುಂಬದಂತೆ ವಾಟ್ಸ್‌ಆಪ್‌ನ ‘ಮೀಡಿಯಾ ಆಟೋ-ಡೌನ್‌ಲೋಡ್’ನಲ್ಲಿ ವಿಡಿಯೋ, ಆಡಿಯೋ ಎಲ್ಲದರ ಟಿಕ್ ತೆಗೆದೆವು. ಬೇಕಾದ್ದನ್ನು ಒತ್ತಿದಾಗ ಮಾತ್ರ ಇಳಿಯುತ್ತದೆ.

ಈಗ ಜಾಹೀರಾತು. ಎಲ್ಲ ಜಾಹೀರಾತೂ ಒಂದೇ ಬಾಗಿಲಿನಿಂದ ಬರುವುದಿಲ್ಲ, ಅದಕ್ಕೇ ಒಂದೇ ಮದ್ದು ನಾಟುವುದಿಲ್ಲ.

ಏನೂ ತೆರೆಯದಿದ್ದರೂ ಪರದೆ ತುಂಬ ಬಂದು ಕೂಡುವ ಜಾಹೀರಾತು ಯಾವುದೋ ಒಂದು ಆಪ್‌ನ ಕೆಲಸ. ಅದು ಬಂದ ಕ್ಷಣ ಮುಚ್ಚಬೇಡಿ. ಇತ್ತೀಚಿನ ಆಪ್‌ಗಳ ಬಟನ್ ಒತ್ತಿ, ಆ ಜಾಹೀರಾತಿನ ಮೇಲೆ ಯಾವ ಚಿತ್ರ, ಯಾವ ಹೆಸರಿದೆ ನೋಡಿ. ನಾವು ಹಾಗೆ ಕಾದು ಕೂತೆವು. ಕಾಲು ತಾಸಿಗೆ ಬಂತು, ಸಿಕ್ಕಿಬಿತ್ತು: ಎಂದೋ ಹಾಕಿಕೊಂಡಿದ್ದ ಟಾರ್ಚ್ ಆಪ್. ಟಾರ್ಚ್ ಫೋನಿನಲ್ಲೇ ಇರುತ್ತದೆ, ದುಡ್ಡು ಕೊಡುವ ಕ್ಯೂಆರ್ ಸ್ಕ್ಯಾನ್ ಮಾಡಲು ಯುಪಿಐ ಆಪ್ ಸಾಕು. ಇಂಥವಕ್ಕೆ ಬೇರೆ ಆಪ್ ಬೇಕಿಲ್ಲ. ಹೆಸರು ಸಿಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ ಓವರ್ ಅದರ್ ಆಪ್ಸ್’ ಎಂದು ಹುಡುಕಿ. ಬೇರೆ ಆಪ್‌ಗಳ ಮೇಲೆ ಬಂದು ಕೂಡುವ ಅನುಮತಿ ಯಾರ್‍ಯಾರಿಗಿದೆ ಎಂಬ ಪಟ್ಟಿ ಬರುತ್ತದೆ. ಗುರುತಿಲ್ಲದವರಿಗೆಲ್ಲ ಅನುಮತಿ ತೆಗೆಯಿರಿ.

‘ನಿಮ್ಮ ಫೋನಿಗೆ ವೈರಸ್ ಬಂದಿದೆ’, ‘ನೀವು ಬಹುಮಾನ ಗೆದ್ದಿದ್ದೀರಿ’ ಎಂದು ಮೇಲಿನಿಂದ ಇಳಿಯುವ ನೋಟಿಫಿಕೇಶನ್‌ಗಳು ಬಹುತೇಕ ಕ್ರೋಮ್ ಮೂಲಕ ಬಂದಿರುತ್ತವೆ. ಎಂದೋ ಯಾವುದೋ ತಾಣದಲ್ಲಿ ‘ಅಲೋ’ ಒತ್ತಿರುತ್ತೇವೆ. ಕ್ರೋಮ್ ಸೆಟ್ಟಿಂಗ್ಸ್‌ನ ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ಗೆ ಹೋಗಿ ಅವನ್ನೆಲ್ಲ ಬ್ಲಾಕ್ ಮಾಡಿ.

ಫೋನ್ ತಯಾರಕರೇ ತೋರಿಸುವುದೂ ಇದೆ. ಬೆಲೆ ಇಳಿಸಿ ಮಾರಿದ ಫೋನಿಗೆ ಜಾಹೀರಾತಿನಿಂದ ಆದಾಯ. ಇದನ್ನು ನಿಲ್ಲಿಸಲು ಅವರೇ ಸೆಟ್ಟಿಂಗ್ಸ್‌ನಲ್ಲಿ ದಾರಿ ಇಟ್ಟಿರುತ್ತಾರೆ: ‘ರೆಕಮಂಡೇಶನ್ಸ್’ ಎಂಬ ಮಾತು ಕಂಡಲ್ಲೆಲ್ಲ ಆಫ್ ಮಾಡಿ, ಲಾಕ್ ಸ್ಕ್ರೀನಿನಲ್ಲಿ ಚಿತ್ರ ಬದಲಾಗುವ ಸೌಲಭ್ಯವನ್ನೂ ಆಫ್ ಮಾಡಿ.

ಉಳಿದದ್ದು ಆಪ್‌ಗಳ, ತಾಣಗಳ ಒಳಗಿನ ಜಾಹೀರಾತು. ಇದಕ್ಕೆ ಆಪ್ ಹಾಕದೇ ಆಗುವ ಒಳ್ಳೆಯ ಉಪಾಯವಿದೆ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಸೆಟ್ಟಿಂಗ್ ಇದೆ. ಡಿಎನ್‌ಎಸ್ ಎಂದರೆ ತಾಣದ ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಜಾಹೀರಾತು ಕಳಿಸುವ ಸರ್ವರ್‌ಗಳ ವಿಳಾಸ ಕೇಳಿದಾಗ ‘ಅಂಥವರಿಲ್ಲ’ ಎನ್ನುವ ಡಿಎನ್‌ಎಸ್ ಇಟ್ಟುಕೊಂಡರೆ ಜಾಹೀರಾತು ಇಳಿಯುವುದೇ ಇಲ್ಲ. ನೆಟ್‌ಪ್ಯಾಕೂ ಉಳಿಯುತ್ತದೆ, ಪುಟವೂ ಬೇಗ ತೆರೆಯುತ್ತದೆ. ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ಡಿಎನ್‌ಎಸ್ ಎಂದು ಹಾಕಿ, ಹೋಸ್ಟ್‌ನೇಮ್ ಕೇಳುವ ಜಾಗದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಖಾಲಿ ಬಿಡದೆ ಬರೆಯಿರಿ: ಡಿಎನ್‌ಎಸ್, ಚುಕ್ಕಿ, ಆಡ್‌ಗಾರ್ಡ್, ಅಡ್ಡಗೆರೆ, ಡಿಎನ್‌ಎಸ್, ಚುಕ್ಕಿ, ಕಾಮ್ (dns.adguard-dns.com). ಇದು ಆಡ್‌ಗಾರ್ಡ್ ಕಂಪನಿಯ ಉಚಿತ ಸೇವೆ. ನೀವು ತೆರೆಯುವ ತಾಣಗಳ ಹೆಸರು ಅವರ ಸರ್ವರಿಗೆ ಹೋಗುತ್ತದೆ ಎಂಬುದು ತಿಳಿದಿರಲಿ. ರೈಲು ನಿಲ್ದಾಣದ ವೈಫೈಗೆ ಲಾಗಿನ್ ಆಗದಿದ್ದರೆ ಸ್ವಲ್ಪ ಹೊತ್ತು ‘ಆಟೋಮ್ಯಾಟಿಕ್’ಗೆ ಮರಳಿಸಿ.

ಯೂಟ್ಯೂಬ್ ಜಾಹೀರಾತು ಇದರಿಂದ ನಿಲ್ಲುವುದಿಲ್ಲ. ವಿಡಿಯೋ ಬರುವ ಸರ್ವರಿನಿಂದಲೇ ಜಾಹೀರಾತೂ ಬರುತ್ತದೆ, ಒಂದನ್ನು ತಡೆದರೆ ಇನ್ನೊಂದೂ ನಿಂತೀತು. ಬ್ರೌಸರಿನಲ್ಲಿ ನೋಡುವವರು ಬ್ರೇವ್ ಬ್ರೌಸರನ್ನು, ಅಥವಾ ಜಾಹೀರಾತು ತಡೆಯುವ ‘ಯುಬ್ಲಾಕ್ ಆರಿಜಿನ್’ ಎಂಬ ಜೋಡಣೆ ಹಾಕಿದ ಫೈರ್‌ಫಾಕ್ಸ್ ಬ್ರೌಸರನ್ನು ಬಳಸಬಹುದು. ನೀವು ದಿನಾ ಓದುವ ಕನ್ನಡದ ತಾಣಕ್ಕೆ ಮಾತ್ರ ಅಲ್ಲಿ ವಿನಾಯಿತಿ ಕೊಡಿ ಎಂಬುದು ನನ್ನ ಕೋರಿಕೆ. ಬರೆಯುವವರ ಸಂಬಳ ಅದರಿಂದಲೇ ಬರುತ್ತದೆ.

‘ಜಾಹೀರಾತಿಲ್ಲದ ಯೂಟ್ಯೂಬ್’ ಎಂದು ವಾಟ್ಸ್‌ಆಪ್‌ನಲ್ಲಿ ಬರುವ ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆಪ್ ಹಾಕುವ ಫೈಲ್) ಮಾತ್ರ ಮುಟ್ಟಲೇಬೇಡಿ. ಮದುವೆ ಕರೆಯೋಲೆ, ಗಾಡಿ ದಂಡದ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ಇಂಥ ಫೈಲ್ ಕಳಿಸಿ, ಒಟಿಪಿ ಕದ್ದು ಖಾತೆ ಬರಿದು ಮಾಡಿದ್ದಾರೆ. ಈಗಾಗಲೇ ಒತ್ತಿದ್ದರೆ ನೆಟ್ ಬಂದ್ ಮಾಡಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಣ್ಣ ಸಂಗತಿ ಎರಡು. ಆಕ್ಸೆಸಿಬಿಲಿಟಿಯಲ್ಲಿ ‘ರಿಮೂವ್ ಆನಿಮೇಶನ್ಸ್’ ಆನ್ ಮಾಡಿದರೆ ಪರದೆಗಳು ಜಾರುತ್ತ ಬರುವುದು ನಿಂತು ತಟ್ಟನೆ ತೆರೆಯುತ್ತವೆ. ನಮ್ಮ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ ಚಾರ್ಜಿಗೆ ಹಾಕಿ ವಿಡಿಯೋ ನೋಡಿದರೆ ಫೋನ್ ಕಾದು, ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೆ ನೆರಳೇ ಮದ್ದು.

ಹೊರಡುವಾಗ ಅಕ್ಕ ಕೇಳಿದರು: ‘ಹಂಗಾದ್ರ ಹೊಸಾದು ಯಾವಾಗ ತಗೊಳ್ಳಿ?’ ಬ್ಯಾಂಕಿನ ಆಪ್ ‘ಈ ಆಂಡ್ರಾಯ್ಡ್‌ನಲ್ಲಿ ನಡೆಯುವುದಿಲ್ಲ’ ಅಂದಾಗ, ಇಲ್ಲವೇ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಾಗ. ಉಬ್ಬಿದ್ದರೆ ಆ ದಿನದಿಂದಲೇ ಅದನ್ನು ಚಾರ್ಜಿಗೆ ಹಾಕಬಾರದು. ಅಂಗಡಿಯಲ್ಲಿ ‘4 ಕೂಡಿಸು 4, ಒಟ್ಟು 8 ಜಿಬಿ ರ್‍ಯಾಮ್’ ಅಂದರೆ ಎರಡನೆಯ ನಾಲ್ಕನ್ನು ಲೆಕ್ಕಕ್ಕೆ ಹಿಡಿಯಬ್ಯಾಡ್ರಿ ಅಕ್ಕಾರ. ಅದು ಕಪಾಟಿನ ಒಂದು ಖಾನೆಯನ್ನು ಗಾದಿ ಎಂದು ಕರೆದದ್ದು. ಸ್ಟೋರೇಜ್ 128 ಜಿಬಿ ಐತೇನು, ಯುಎಫ್‌ಎಸ್ ಐತೇನು, ಇವೆರಡನ್ನು ಕೇಳ್ರಿ.